ಜಾವಾದಲ್ಲಿ ಇಷ್ಟೊಂದು ಜನ, ಪಕ್ಕದ ಬೋರ್ನಿಯೊದಲ್ಲಿ ಏಕಿಲ್ಲ?

ಪ್ರಶ್ನೆ: ಎಂಟನೇ ತರಗತಿಯ ಮಗಳಿಗೆ ಪ್ರಪಂಚದ ಭೂಗೋಳ ಹೇಳಿಕೊಡುತ್ತಿದ್ದೇನೆ. ಅಟ್ಲಾಸ್‌ನಲ್ಲಿ ಇಂಡೋನೇಷ್ಯಾ ನೋಡುವಾಗ ಅವಳು ಒಂದು ಪ್ರಶ್ನೆ ಕೇಳಿದಳು. ಜಾವಾ, ಬೋರ್ನಿಯೊ ಎರಡೂ ಸಮಭಾಜಕ ವೃತ್ತದ ಆಸುಪಾಸಿನಲ್ಲೇ ಇವೆ. ಎರಡೂ ಕಡೆ ಬೇಕಾದಷ್ಟು ಮಳೆ. ಆದರೆ ಜನಸಂಖ್ಯೆಯ ನಕ್ಷೆಯಲ್ಲಿ ಪುಟ್ಟ ಜಾವಾ ಪೂರ್ತಿ ಕಡುಗೆಂಪು, ದೊಡ್ಡ ಬೋರ್ನಿಯೊ ಬಹುತೇಕ ಬಿಳಿ. ಇದು ಏಕೆ ಹೀಗೆ? ಜಾವಾದ ಜನರನ್ನು ಬೋರ್ನಿಯೊಗೆ ಕಳಿಸಿದರೆ ಆಗಲ್ವಾ? ಈಗ ರಾಜಧಾನಿಯನ್ನೇ ಅಲ್ಲಿಗೆ ಒಯ್ಯುತ್ತಿದ್ದಾರಂತೆ. ಅದರಿಂದ ಬೋರ್ನಿಯೊ ತುಂಬುತ್ತದೆಯೇ?

ಉತ್ತರ: ನಿಮ್ಮ ಮಗಳು ಕೇಳಿದ್ದು ತುಂಬಾ ಒಳ್ಳೆಯ ಪ್ರಶ್ನೆ. ಬಹಳಷ್ಟು ಪಠ್ಯಪುಸ್ತಕಗಳು "ಸಮಭಾಜಕ ವೃತ್ತದ ಮಳೆಕಾಡು ಪ್ರದೇಶ" ಎಂದು ಎರಡನ್ನೂ ಒಂದೇ ಬಣ್ಣದಲ್ಲಿ ಬಳಿದು ಮುಂದೆ ಹೋಗುತ್ತವೆ. ಆ ಬಣ್ಣ ನೋಡಿದವರಿಗೆ ಈ ಪ್ರಶ್ನೆ ಹೊಳೆಯುವುದೇ ಕಷ್ಟ.

ಮೊದಲು ಅಳತೆ ನೋಡೋಣ. ಜಾವಾ ದ್ವೀಪದ ವಿಸ್ತೀರ್ಣ ಸುಮಾರು 1.3 ಲಕ್ಷ ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಮೂರನೇ ಎರಡರಷ್ಟು. 2020ರ ಜನಗಣತಿಯಲ್ಲಿ ಅಲ್ಲಿ 15.16 ಕೋಟಿ ಜನ ಇದ್ದರು. 2011ರಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಇಡೀ ಇಂಡೋನೇಷ್ಯಾದ ನೆಲದಲ್ಲಿ ಜಾವಾದ ಪಾಲು ಶೇ 7ರಷ್ಟು, ಜನರಲ್ಲಿ ಅದರ ಪಾಲು ಶೇ 56. ಬೋರ್ನಿಯೊ ಪ್ರಪಂಚದ ಮೂರನೇ ಅತಿ ದೊಡ್ಡ ದ್ವೀಪ. ಇಂಡೋನೇಷ್ಯಾ, ಮಲೇಷ್ಯಾ, ಬ್ರೂನೈ ಮೂರು ದೇಶಗಳು ಅದನ್ನು ಹಂಚಿಕೊಂಡಿವೆ. ಇಂಡೋನೇಷ್ಯಾದ ಪಾಲಿಗೆ ಕಲಿಮಂತಾನ್ ಎಂದು ಹೆಸರು. ಅದು ಜಾವಾದ ನಾಲ್ಕು ಪಟ್ಟು ದೊಡ್ಡದು, ಅಲ್ಲಿದ್ದವರು 1.66 ಕೋಟಿ. ಚದರ ಕಿಲೋಮೀಟರಿಗೆ ಜಾವಾದಲ್ಲಿ 1,100ಕ್ಕೂ ಜಾಸ್ತಿ ಜನ, ಕಲಿಮಂತಾನ್‌ನಲ್ಲಿ 30ರ ಆಸುಪಾಸು.

ಈ ಅಂತರಕ್ಕೆ ಮೊದಲ ಕಾರಣ ಕಾಲ ಕೆಳಗಿದೆ. ಜಾವಾದ ಬೆನ್ನೆಲುಬಿನ ಉದ್ದಕ್ಕೂ ಜ್ವಾಲಾಮುಖಿಗಳ ಸಾಲಿದೆ. ಮೆರಾಪಿ, ಸೆಮೆರು, ಕೆಲುದ್, ಬ್ರೊಮೊ ಎಲ್ಲವೂ ಇಂದಿಗೂ ಜೀವಂತ. ಅವು ಉಗುಳುವ ಬೂದಿಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ರಂಜಕ ಇರುತ್ತವೆ. ಬೂದಿ ಬೇಗ ಕರಗಿ ಮಣ್ಣಾಗುತ್ತದೆ. ಮಳೆ ಆ ಸಾರವನ್ನು ತೊಳೆದುಕೊಂಡು ಹೋದರೂ ಕೆಲವು ವರ್ಷ ಅಥವಾ ಕೆಲವು ದಶಕಗಳಲ್ಲಿ ಹೊಸ ಬೂದಿ ಬಂದು ಬೀಳುತ್ತದೆ. 2010ರಲ್ಲಿ ಮೆರಾಪಿ ಸಿಡಿದಾಗ 350ಕ್ಕೂ ಹೆಚ್ಚು ಜನ ಸತ್ತರು. ಆದರೂ ಉಳಿದವರಲ್ಲಿ ಬಹಳಷ್ಟು ಮಂದಿ ಅದೇ ಇಳಿಜಾರಿಗೆ ಮರಳಿ ಬೇಸಾಯ ಶುರು ಮಾಡಿದರು. ಹೊರಗಿನವರಿಗೆ ಇದು ಹುಚ್ಚು ಧೈರ್ಯ ಅನ್ನಿಸಬಹುದು. ಅಲ್ಲಿನ ರೈತರಿಗೆ ಆ ಮಣ್ಣಿನ ಬೆಲೆ ಗೊತ್ತು.

ಬೋರ್ನಿಯೊದಲ್ಲಿ ಇಂಥ ಜ್ವಾಲಾಮುಖಿ ಸಾಲೇ ಇಲ್ಲ. ಅಲ್ಲಿನ ನೆಲ ಬಹಳ ಹಳೆಯದು. ವರ್ಷವಿಡೀ ಮಳೆ ಬಿದ್ದು ಸಾರವೆಲ್ಲ ಎಂದೋ ಕೊಚ್ಚಿಹೋಗಿದೆ. ಉಳಿದದ್ದು ಹುಳಿ ಮಣ್ಣು. ನಮ್ಮ ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋರು ಮಳೆಯ ನೆಲ ಹುಳಿಯಾಗುತ್ತದೆ ಎಂದೇ ಅವರು ತೋಟಕ್ಕೆ ಸುಣ್ಣ ಹಾಕುತ್ತಾರೆ. ಹಾಗಾದರೆ ಬೋರ್ನಿಯೊದಲ್ಲಿ ಅಷ್ಟು ದಟ್ಟ ಕಾಡು ಹೇಗೆ ಬೆಳೆಯಿತು ಎಂದು ಮಗಳು ಕೇಳಬಹುದು. ಕೇಳಲೇಬೇಕು ಕೂಡ. ಆ ಕಾಡಿನ ಸಾರ ಇರುವುದು ಹೆಚ್ಚಾಗಿ ಮರಗಳಲ್ಲೇ. ಎಲೆ ಉದುರುತ್ತದೆ, ಕೊಳೆಯುತ್ತದೆ, ಮೇಲ್ಮಣ್ಣಿನಲ್ಲಿ ಹರಡಿದ ಬೇರುಗಳು ಅದನ್ನು ಕೂಡಲೇ ಹೀರಿಕೊಳ್ಳುತ್ತವೆ. ಮರ ಕಡಿದು ಸಾಗಿಸಿದರೆ ಸಾರವೂ ಅದರ ಜೊತೆ ಹೊರಟುಹೋಗುತ್ತದೆ.

ಮಣ್ಣಿಗೂ ಜನಸಾಂದ್ರತೆಗೂ ಇರುವ ಈ ನಂಟನ್ನು 1938ರಲ್ಲೇ ಡಚ್ ಮಣ್ಣುವಿಜ್ಞಾನಿ ಇ. ಸಿ. ಜೆ. ಮೊಹ್ರ್ ತೋರಿಸಿದ್ದರು. ಅವರ ವಾದವನ್ನು ಪರೀಕ್ಷಿಸಲು ಸುಮಾತ್ರಾ ಒಳ್ಳೆಯ ಜಾಗ. ಅಲ್ಲಿ ಪಶ್ಚಿಮದ ಮಿನಂಗ್ಕಬೌ ಎತ್ತರದ ಪ್ರದೇಶದಲ್ಲಿ ಜ್ವಾಲಾಮುಖಿ ಮಣ್ಣಿದೆ, ಭತ್ತದ ಗದ್ದೆಗಳಿವೆ, ಊರುಗಳು ಒತ್ತೊತ್ತಾಗಿವೆ. ಪೂರ್ವ ಕರಾವಳಿಯ ಜವುಗು ನೆಲದಲ್ಲಿ ಹಿಂದೆ ಜನ ವಿರಳವಾಗಿದ್ದರು. ಬೂದಿಯಲ್ಲೂ ವ್ಯತ್ಯಾಸವಿದೆ. ಅದೇ ಸುಮಾತ್ರಾದ ತೋಬಾ ಸರೋವರದ ಸುತ್ತಲಿನ ಹಳೆಯ ಬೂದಿ ಆಮ್ಲೀಯ, ಜಾವಾದ ಬೂದಿಯಷ್ಟು ಫಲವತ್ತಲ್ಲ.

ಆದರೆ "ಮಣ್ಣು ಚೆನ್ನಾಗಿತ್ತು, ಜನ ಹೆಚ್ಚಾದರು" ಎಂದು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಉತ್ತರ ಕೊಟ್ಟಂತೆ. ಹಲ್ಮಹೆರಾ, ಫ್ಲೋರೆಸ್ ದ್ವೀಪಗಳಲ್ಲೂ ಜ್ವಾಲಾಮುಖಿಗಳಿವೆ. ಅಲ್ಲಿ ಜಾವಾದಷ್ಟು ಜನ ಇಲ್ಲವಲ್ಲ? ಇನ್ನರ್ಧ ಉತ್ತರ ಗದ್ದೆಯಲ್ಲೂ ಇತಿಹಾಸದಲ್ಲೂ ಇದೆ.

ಜಾವಾದ ನೀರಾವರಿ ಗದ್ದೆಯನ್ನು ಅಲ್ಲಿ ಸಾವಾ ಎನ್ನುತ್ತಾರೆ. ಬೆಟ್ಟದಿಂದ ಇಳಿಯುವ ನೀರು ತನ್ನ ಜೊತೆ ಕರಗಿದ ಸಾರವನ್ನೂ ತರುತ್ತದೆ. ನೀರು ನಿಂತಾಗ ಮಣ್ಣಿನ ಹುಳಿ ತಗ್ಗುತ್ತದೆ. ನೀರಿನಲ್ಲಿ ಬೆಳೆಯುವ ಪಾಚಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಹೀಗಾಗಿ ಒಂದೇ ಗದ್ದೆಯಲ್ಲಿ ನೂರಾರು ವರ್ಷ ಭತ್ತ ಬೆಳೆದರೂ ನೆಲ ಸೋಲುವುದಿಲ್ಲ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಗದ್ದೆ ಎಷ್ಟು ಕೈ ಬಂದರೂ ಕೆಲಸ ಕೊಡುತ್ತದೆ. ಸಸಿಮಡಿ ಮಾಡಿ ನಾಟಿ ಮಾಡಿದರೆ ಇಳುವರಿ ಸ್ವಲ್ಪ ಹೆಚ್ಚು. ಇನ್ನೊಂದು ಸಲ ಕಳೆ ಕಿತ್ತರೆ ಇನ್ನೂ ಸ್ವಲ್ಪ ಹೆಚ್ಚು. ಬದು ಸರಿಮಾಡಿ ನೀರನ್ನು ಅಳೆದು ಬಿಟ್ಟರೆ ಮತ್ತೂ ಸ್ವಲ್ಪ. ಹೊಸದಾಗಿ ಹುಟ್ಟಿದ ಬಾಯಿಗೆ ಬೇಕಾದ ಅನ್ನವನ್ನು ಅದೇ ಗದ್ದೆಯಿಂದ ಹೇಗೋ ಎಬ್ಬಿಸಬಹುದು. 1950ರ ದಶಕದಲ್ಲಿ ಪೂರ್ವ ಜಾವಾದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ ಇದನ್ನೇ ಎತ್ತಿ ತೋರಿಸಿದರು. ಇಳುವರಿ ಏರಿತು, ಜನ ಏರಿದರು, ತಲಾ ಆದಾಯ ಮಾತ್ರ ಅಲ್ಲೇ ನಿಂತಿತು ಎನ್ನುವುದು ಅವರ ವಾದ. ಬಡತನವನ್ನು ಎಲ್ಲರೂ ಸಮವಾಗಿ ಹಂಚಿಕೊಂಡರು ಎಂಬ ಅವರ ಮಾತನ್ನು ನಂತರದವರು ಬಲವಾಗಿಯೇ ಪ್ರಶ್ನಿಸಿದ್ದಾರೆ. ಹಳ್ಳಿಗಳಲ್ಲಿ ಭೂಮಿ ಇದ್ದವರು, ಇಲ್ಲದವರು ಎಂಬ ಭೇದ ಜೋರಾಗಿಯೇ ಇತ್ತು. ನನಗೂ ಟೀಕಾಕಾರರ ಮಾತೇ ಸರಿ ಅನ್ನಿಸುತ್ತದೆ. ಆದರೆ ಗದ್ದೆ ಕೈಗಳನ್ನು ಹೀರಿಕೊಳ್ಳುತ್ತದೆ ಎಂಬ ಮೂಲ ಮಾತು ಗಟ್ಟಿಯಾಗಿ ನಿಂತಿದೆ.

ಇಷ್ಟಾದರೂ 1815ರ ಸುಮಾರಿಗೆ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಎಣಿಸಿದಾಗ ಜಾವಾದಲ್ಲಿ ಸಿಕ್ಕಿದ್ದು ಸುಮಾರು 45 ಲಕ್ಷ ಜನ. ಆ ಎಣಿಕೆಯಲ್ಲಿ ತಪ್ಪಿಹೋದವರು ಬಹಳ ಇದ್ದಿರಬೇಕು. ಹಾಗಿದ್ದರೂ 1930ರ ಜನಗಣತಿಯ 4.17 ಕೋಟಿ ಎಲ್ಲಿ, ಆ ಸಂಖ್ಯೆ ಎಲ್ಲಿ! ಈ ನಡುವೆ ನಡೆದದ್ದು ಡಚ್ಚರ ಆಳ್ವಿಕೆ.

1830ರಲ್ಲಿ ಗವರ್ನರ್ ಜನರಲ್ ವಾನ್ ಡೆನ್ ಬಾಷ್ ಹೊಸ ವ್ಯವಸ್ಥೆ ತಂದರು. ಪ್ರತಿ ಹಳ್ಳಿ ತನ್ನ ಜಮೀನಿನ ಐದನೇ ಒಂದು ಭಾಗದಲ್ಲಿ ಸರ್ಕಾರ ಹೇಳಿದ ಬೆಳೆ ಬೆಳೆಯಬೇಕು. ಕಬ್ಬು, ನೀಲಿ ಬಣ್ಣ ಕೊಡುವ ಗಿಡ, ಕಾಫಿ. ಕಾಗದದ ಮೇಲೆ ಐದನೇ ಒಂದು, ನೆಲದ ಮೇಲೆ ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ. 1840ರ ದಶಕದಲ್ಲಿ ಚಿರೆಬೊನ್, ದೆಮಾಕ್, ಗ್ರೊಬೊಗನ್ ಸೀಮೆಗಳಲ್ಲಿ ಕ್ಷಾಮ ಬಿತ್ತು. ಅತ್ತ ಹಾಲೆಂಡ್‌ನಲ್ಲಿ ಈ ಬೆಳೆ ಮಾರಿದ ಹಣದಿಂದ ಸಾಲ ತೀರಿತು, ರೈಲು ಮಾರ್ಗಗಳು ಬಂದವು. (ಇಲ್ಲೊಂದು ಸಣ್ಣ ಸಂಬಂಧ. ಜಾವಾದ ಕಾಫಿ ಗಿಡಗಳನ್ನು ಡಚ್ಚರು 17ನೇ ಶತಮಾನದ ಕೊನೆಗೆ ಒಯ್ದದ್ದು ನಮ್ಮ ಮಲಬಾರ್ ತೀರದಿಂದ.) ಭತ್ತದ ಗದ್ದೆಯನ್ನೇ ಸರದಿಯಲ್ಲಿ ಕಬ್ಬಿಗೆ ಕೊಡಬೇಕಿದ್ದರಿಂದ ರೈತ ಊರು ಬಿಡಲಿಲ್ಲ. ಸಕ್ಕರೆ ಕಾರ್ಖಾನೆಗೆ ಕೂಲಿಯೂ ಬೇಕು, ಅದೇ ಕೂಲಿಗೆ ಅನ್ನ ಕೊಡಲು ಉಳಿದ ಗದ್ದೆಯೂ ಬೇಕು. ಕೆಲಸದ ಹೊರೆ ಏರಿದಾಗ ಮನೆಯಲ್ಲಿ ಕೈಗಳು ಹೆಚ್ಚಿದ್ದರೆ ಅನುಕೂಲ ಎಂಬ ಲೆಕ್ಕಾಚಾರವೂ ಇತ್ತು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಇದರ ಜೊತೆಗೆ ದೊಡ್ಡ ಯುದ್ಧಗಳು ನಿಂತವು, ಸಿಡುಬಿನ ಲಸಿಕೆ ಬಂತು, ರಸ್ತೆ ರೈಲು ಬಂದವು. ಯಾವುದು ಎಷ್ಟು ಕಾರಣ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಜಾವಾದ ಕಡುಗೆಂಪು ಬಣ್ಣದ ಬಹುಪಾಲು ಕಳೆದ ಇನ್ನೂರು ವರ್ಷಗಳದ್ದು ಎಂಬುದು ಮಾತ್ರ ಸ್ಪಷ್ಟ. ನಕ್ಷೆ ನೋಡುವಾಗ ಅದನ್ನು ಅನಾದಿ ಕಾಲದ್ದು ಅಂದುಕೊಳ್ಳಬಾರದು.

ಈಗ ಬೋರ್ನಿಯೊ. "ಖಾಲಿ" ಎಂಬ ಮಾತಿನ ಬಗ್ಗೆ ನನಗೆ ತಕರಾರಿದೆ. ಇಂಡೋನೇಷ್ಯಾದಲ್ಲಿ ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಶಾಸನಗಳು ಎಲ್ಲಿ ಸಿಕ್ಕಿದ್ದು ಗೊತ್ತೇ? ಜಾವಾದಲ್ಲಲ್ಲ. ಪೂರ್ವ ಕಲಿಮಂತಾನ್‌ನ ಮಹಾಕಂ ನದಿ ದಂಡೆಯಲ್ಲಿ. ಸುಮಾರು ಕ್ರಿ.ಶ. 400ರ ಆ ಕಲ್ಲುಕಂಬಗಳಲ್ಲಿ ಮೂಲವರ್ಮನೆಂಬ ಅರಸನ ದಾನದ ವಿವರವಿದೆ. ಭಾಷೆ ಸಂಸ್ಕೃತ, ಲಿಪಿ ದಕ್ಷಿಣ ಭಾರತದ್ದು. ನಮ್ಮ ಕನ್ನಡ ಲಿಪಿಗೆ ದಾಯಾದಿ ಎನ್ನಬಹುದು.

ಬೋರ್ನಿಯೊದ ಒಳನಾಡಿನ ದಾಯಕ್ ಜನ ಕಾಡಿನ ತುಂಡೊಂದನ್ನು ಕಡಿದು, ಸುಟ್ಟು, ಒಂದೆರಡು ವರ್ಷ ಬೆಟ್ಟಭತ್ತ ಬೆಳೆದು, ಆಮೇಲೆ ಅದನ್ನು ಹತ್ತು-ಹದಿನೈದು ವರ್ಷ ಕಾಡಿಗೇ ಬಿಟ್ಟುಕೊಡುತ್ತಿದ್ದರು. ಉತ್ತರ ಕನ್ನಡ, ಕೊಡಗಿನ ಕಡೆ ಹಿಂದೆ ನಡೆಯುತ್ತಿದ್ದ ಕುಮ್ರಿ ಬೇಸಾಯವೇ ಇದು. ಹುಳಿ ಮಣ್ಣಿನಲ್ಲಿ ಇದಕ್ಕಿಂತ ಜಾಣತನದ ಬೇಸಾಯ ಕಷ್ಟ. ಆದರೆ ಇದಕ್ಕೆ ಒಂದು ಕುಟುಂಬಕ್ಕೆ ಬಹಳ ಕಾಡು ಬೇಕು. ಈ ವರ್ಷದ ಹೊಲದ ಜೊತೆ ಮುಂದಿನ ಹದಿನೈದು ವರ್ಷದ ಹೊಲಗಳೂ ಕಾಡಿನ ರೂಪದಲ್ಲಿ ಕಾಯುತ್ತಿರಬೇಕು. ನಕ್ಷೆಯಲ್ಲಿ ಬಿಳಿಯಾಗಿ ಕಾಣುವ ಜಾಗದಲ್ಲಿ ಬಹುಪಾಲು ಯಾರದೋ ಸರದಿಯ ಹೊಲ.

ಸಂಪತ್ತು ಇಲ್ಲಿ ನದಿಯ ಮೇಲೆ ಓಡಾಡುತ್ತದೆ. ಕಪುವಾಸ್, ಬರಿತೊ, ಮಹಾಕಂ ನದಿಗಳೇ ಹೆದ್ದಾರಿಗಳು. ಬಂಜರ್‌ಮಸಿನ್, ಪೊಂತಿಯಾನಕ್, ಬ್ರೂನೈಗಳ ಸುಲ್ತಾನರು ನದಿ ಸಮುದ್ರ ಸೇರುವ ಕಡೆ ಕುಳಿತು ಸುಂಕ ಎತ್ತಿದರು. ಮೇಲಿನಿಂದ ಬರುವ ಮೆಣಸು, ಕಾಡುತ್ಪನ್ನ, ಚಿನ್ನ ಎಲ್ಲವೂ ಅವರ ಬಾಗಿಲು ದಾಟಲೇಬೇಕು. ಒಳನಾಡಿನ ನೆಲವನ್ನು ಹಿಡಿಯುವ, ಅಲ್ಲಿ ಜನರನ್ನು ನೆಲೆಯೂರಿಸುವ ಅಗತ್ಯ ಅವರಿಗೆ ಇರಲಿಲ್ಲ. ಜಾವಾದ ಅರಸನಿಗೆ ಗದ್ದೆಯ ರೈತ ಬೇಕು, ಬೋರ್ನಿಯೊದ ಸುಲ್ತಾನನಿಗೆ ನದೀಮುಖ ಸಾಕು. ಎರಡು ದ್ವೀಪಗಳ ಮಾನವ ಭೂಗೋಳವನ್ನು ಅರ್ಥ ಮಾಡಿಕೊಳ್ಳಲು ನನಗೆ ಅತಿ ಹೆಚ್ಚು ನೆರವಾದದ್ದು ಈ ವ್ಯತ್ಯಾಸ.

ಇದು ಹಳೇ ಕಥೆಯೂ ಅಲ್ಲ. ಇಂದು ಮಹಾಕಂ ನದಿಯಲ್ಲಿ ಸಮರಿಂಡಾ ಪಟ್ಟಣದ ಮುಂದೆ ಕಲ್ಲಿದ್ದಲು ತುಂಬಿದ ಬಾರ್ಜ್‌ಗಳು ಒಂದರ ಹಿಂದೊಂದು ಕೆಳಗಿಳಿಯುತ್ತವೆ. ನದೀಮುಖದ ಆಚೆ ನಿಂತ ದೊಡ್ಡ ಹಡಗುಗಳಿಗೆ ಅದನ್ನು ತುಂಬುತ್ತಾರೆ. ಅದರಲ್ಲಿ ಗಣನೀಯ ಪಾಲು ಭಾರತಕ್ಕೆ ಬರುತ್ತದೆ. ಉಡುಪಿ ಜಿಲ್ಲೆಯ ಪಡುಬಿದ್ರಿ ಬಳಿಯ ಉಷ್ಣ ವಿದ್ಯುತ್ ಸ್ಥಾವರವನ್ನು ಕಟ್ಟಿದ್ದೇ ಹೊರದೇಶದ ಕಲ್ಲಿದ್ದಲನ್ನು ನೆಚ್ಚಿಕೊಂಡು. ತಾಳೆ ಎಣ್ಣೆಯೂ ಹೀಗೆಯೇ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನು ಸುಮಾರು ಮೂರು ವಾರ ನಿಲ್ಲಿಸಿತು. ಅದು ದೊಡ್ಡ ಸುದ್ದಿಯಾದದ್ದು ನಮ್ಮ ಅಡುಗೆಮನೆಗೂ ಅದರ ಬಿಸಿ ತಟ್ಟುವ ಭಯದಿಂದ. ಹುಳಿ ಮಣ್ಣಿನಲ್ಲೂ ತಾಳೆ ಬರುತ್ತದೆ, ಗೊಬ್ಬರ ಹಾಕಿದರೆ ಚೆನ್ನಾಗಿಯೇ ಬರುತ್ತದೆ. ಆದರೆ ಅದಕ್ಕೆ ಜನ ಬೇಡ. ಹತ್ತು ಹೆಕ್ಟೇರ್ ತೋಟಕ್ಕೆ ಒಂದಿಬ್ಬರು ಕೆಲಸಗಾರರು ಸಾಕು. ಜಾವಾದಲ್ಲಿ ಹತ್ತು ಹೆಕ್ಟೇರ್ ಗದ್ದೆ ಎಂದರೆ ಇಪ್ಪತ್ತು ಕುಟುಂಬಗಳ ಜೀವನ. ಹಾಗಾಗಿ ಬೋರ್ನಿಯೊದಲ್ಲಿ ಹಣ ಹುಟ್ಟುತ್ತದೆ, ಊರುಗಳು ಅಷ್ಟಾಗಿ ಹುಟ್ಟುವುದಿಲ್ಲ. ಮಗಳಿಗೆ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ. ಒಂದು ಜನರದ್ದು, ಇನ್ನೊಂದು ರಫ್ತಿನದ್ದು. ಎರಡನೆಯದರಲ್ಲಿ ಬೋರ್ನಿಯೊ ಬಿಳಿಯಾಗಿ ಉಳಿಯುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆ: ಜಾವಾದವರನ್ನು ಅಲ್ಲಿಗೆ ಕಳಿಸಿದರೆ ಆಗಲ್ವಾ?

ಅದನ್ನು ಮಾಡಿ ನೋಡಿದ್ದಾರೆ. ಡಚ್ಚರು 1905ರಲ್ಲಿ ಸುಮಾತ್ರಾದ ಲಂಪುಂಗ್‌ಗೆ ಜಾವಾದ ಕುಟುಂಬಗಳನ್ನು ಕರೆದೊಯ್ಯುವುದರಿಂದ ಶುರುಮಾಡಿದರು. ಸ್ವತಂತ್ರ ಇಂಡೋನೇಷ್ಯಾ ಅದನ್ನು ಮುಂದುವರಿಸಿತು. ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ, 1970-80ರ ದಶಕಗಳಲ್ಲಿ, ವಿಶ್ವಬ್ಯಾಂಕಿನ ಸಾಲವೂ ಸೇರಿ ಲಕ್ಷಾಂತರ ಕುಟುಂಬಗಳು ಹೊರ ದ್ವೀಪಗಳಿಗೆ ಹೋದವು. ಲಂಪುಂಗ್‌ನಂಥ ಕಡೆ ಅವರು ಬೇರೂರಿದರು. ಕಲಿಮಂತಾನ್‌ನಲ್ಲಿ ಎಷ್ಟೋ ಕಡೆ ಎರಡು-ಮೂರು ಬೆಳೆಗೇ ನೆಲ ಸೋತಿತು. ಜಾವಾದ ಗದ್ದೆ ಬೇಸಾಯವನ್ನು ಜಾವಾದ ಮಣ್ಣಿಲ್ಲದೆ ಮಾಡಲು ಹೊರಟಿದ್ದರಿಂದ ಆದದ್ದು ಇದು. ಬಹಳಷ್ಟು ಮಂದಿ ಬೇಸಾಯ ಬಿಟ್ಟು ತೋಟದ ಕೂಲಿಗೆ, ಮರ ಕಡಿಯಲು, ಪಟ್ಟಣಕ್ಕೆ ಹೋದರು.

ಇವುಗಳಲ್ಲಿ ಅತಿ ದುಬಾರಿಯಾದದ್ದು 1990ರ ದಶಕದ ಮೆಗಾ ರೈಸ್ ಯೋಜನೆ. ಮಧ್ಯ ಕಲಿಮಂತಾನ್‌ನಲ್ಲಿ ಹತ್ತು ಲಕ್ಷ ಹೆಕ್ಟೇರ್ ಜವುಗು ಕಾಡನ್ನು ಭತ್ತದ ಕಣಜ ಮಾಡುತ್ತೇವೆ ಎಂದು ಸುಹಾರ್ತೊ ಸರ್ಕಾರ ಹೊರಟಿತು. ಅಲ್ಲಿನ ನೆಲ ಪೀಟ್. ಅಂದರೆ ಅರ್ಧ ಕೊಳೆತ ಗಿಡಮರಗಳು ಸಾವಿರಾರು ವರ್ಷ ನೀರಿನಲ್ಲಿ ನಿಂತು ಆದ ಪದರ, ಕೆಲವು ಕಡೆ ಹಲವು ಮೀಟರ್ ದಪ್ಪ. ಅದರಲ್ಲಿ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಕಾಲುವೆ ತೋಡಿದರು. ನೀರು ಬಸಿದುಹೋಯಿತು. ಒಣಗಿದ ಪೀಟ್ ಎಂದರೆ ಉರುವಲು ಅಷ್ಟೇ. 1997ರಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗುವ ವಿದ್ಯಮಾನ) ಬಂದು ಮಳೆ ಕೈಕೊಟ್ಟಿತು. ಬೆಂಕಿ ನೆಲದೊಳಗೇ ತಿಂಗಳುಗಟ್ಟಲೆ ಉರಿಯಿತು. ಆ ವರ್ಷ ಕಲಿಮಂತಾನ್, ಸುಮಾತ್ರಾಗಳ ಹೊಗೆ ಸಿಂಗಾಪುರ, ಮಲೇಷ್ಯಾಗಳನ್ನು ಕವಿಯಿತು. 1999ರಲ್ಲಿ ಯೋಜನೆಯನ್ನು ಅಧಿಕೃತವಾಗಿ ಕೈಬಿಟ್ಟರು. ನಂಬಿ ಬಂದ ಸಾವಿರಾರು ಕುಟುಂಬಗಳ ಪಾಡು ಹೇಳತೀರದು. ಆ ನಾಡಿನಲ್ಲಿ ಮೊದಲೇ ಮೀನು, ಬೆತ್ತ, ರಬ್ಬರ್ ನಂಬಿ ಬದುಕುತ್ತಿದ್ದ ದಾಯಕ್ ಹಳ್ಳಿಗಳ ನಷ್ಟವನ್ನು ಯಾರೂ ಸರಿಯಾಗಿ ತುಂಬಿಕೊಡಲಿಲ್ಲ. ಈ ಪಾಠವನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ಪೀಟ್ ನೆಲದ ಸ್ವಭಾವ ಆಗ ತಿಳಿಯದ ವಿಷಯವಾಗಿರಲಿಲ್ಲ.

ಜನರನ್ನು ಸಾಗಿಸಿದಾಗ ಮನುಷ್ಯ ಸಂಬಂಧಗಳೂ ಹದಗೆಡುತ್ತವೆ. 2001ರಲ್ಲಿ ಮಧ್ಯ ಕಲಿಮಂತಾನ್‌ನ ಸಂಪಿತ್ ಪಟ್ಟಣದಲ್ಲಿ ದಾಯಕ್ ಜನರಿಗೂ ಜಾವಾ ಪಕ್ಕದ ಮದುರಾ ದ್ವೀಪದಿಂದ ಬಂದು ನೆಲೆಸಿದವರಿಗೂ ನಡೆದ ಹಿಂಸಾಚಾರದಲ್ಲಿ ನೂರಾರು ಜನ ಸತ್ತರು. ಸುಮಾರು ಲಕ್ಷ ಮಂದಿ ಮದುರಾದವರು ಮನೆಮಾರು ಬಿಟ್ಟು ಹೋದರು.

ಇಷ್ಟೆಲ್ಲ ಮಾಡಿ ಜಾವಾದ ಒತ್ತಡ ಇಳಿಯಿತೇ? 1930ರಲ್ಲಿ ದೇಶದ ನೂರಕ್ಕೆ ಸುಮಾರು 69 ಮಂದಿ ಜಾವಾದಲ್ಲಿದ್ದರು, 2020ರಲ್ಲಿ 56. ಪಾಲು ಇಳಿದಿದೆ, ನಿಜ. ಅದರಲ್ಲಿ ಸರ್ಕಾರಿ ಯೋಜನೆಯ ಕೈವಾಡದ ಜೊತೆಗೆ ಕೆಲಸ ಹುಡುಕಿಕೊಂಡು ತಾವೇ ಹೋದವರ ಪಾಲೂ ದೊಡ್ಡದು. ಜಾವಾದ ಉಸಿರುಗಟ್ಟನ್ನು ನಿಜವಾಗಿ ಸಡಿಲಿಸಿದ್ದು ಬೇರೆ ಎರಡು ಬದಲಾವಣೆಗಳು. ಒಂದು, ಕುಟುಂಬಗಳು ಚಿಕ್ಕದಾದವು. 1960ರ ದಶಕದಲ್ಲಿ ಇಂಡೋನೇಷ್ಯಾದ ತಾಯಿಗೆ ಸರಾಸರಿ ಐದಕ್ಕೂ ಹೆಚ್ಚು ಮಕ್ಕಳು, ಈಗ ಎರಡರ ಸ್ವಲ್ಪ ಮೇಲೆ. ಇನ್ನೊಂದು, ಗದ್ದೆಯ ಮಕ್ಕಳು ಕಾರ್ಖಾನೆಗೆ ಹೋದರು. ಜಕಾರ್ತಾದ ಪೂರ್ವಕ್ಕೆ ಬೆಕಾಸಿ, ಕರವಂಗ್‌ಗಳಲ್ಲಿ ಒಂದು ಕಾಲಕ್ಕೆ ಭತ್ತದ ಬಯಲೇ ಇತ್ತು. ಅಲ್ಲಿ ಈಗ ಕಾರು, ಬೈಕು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಸಾಲು. ಜಕಾರ್ತಾ ಮತ್ತು ಸುತ್ತಲ ಪಟ್ಟಣಗಳು ಸೇರಿ ಮೂರು ಕೋಟಿಗೂ ಹೆಚ್ಚು ಜನ.

ಕೊನೆಗೆ ಹೊಸ ರಾಜಧಾನಿ ನುಸಂತಾರಾ. ಜಕಾರ್ತಾದ ನೆಲ ಕುಸಿಯುತ್ತಿದೆ. ನಲ್ಲಿ ನೀರು ಎಲ್ಲರಿಗೂ ತಲುಪದೆ ಜನರೂ ಕಟ್ಟಡಗಳೂ ಅಂತರ್ಜಲ ಎತ್ತಿದ್ದೇ ಮುಖ್ಯ ಕಾರಣ. ಉತ್ತರ ಜಕಾರ್ತಾದ ಹಲವು ಭಾಗಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. 2019ರಲ್ಲಿ ಅಧ್ಯಕ್ಷ ಜೋಕೊ ವಿಡೊಡೊ ರಾಜಧಾನಿ ಬದಲಾವಣೆಯನ್ನು ಘೋಷಿಸಿದರು. 2022ರ ಜನವರಿಯಲ್ಲಿ ಕಾನೂನು ಆಯಿತು. ಜಾಗ ಪೂರ್ವ ಕಲಿಮಂತಾನ್, ಬಾಲಿಕ್‌ಪಾಪನ್ ಮತ್ತು ಸಮರಿಂಡಾ ನಡುವೆ. 2024ರ ಆಗಸ್ಟ್ 17ರ ಸ್ವಾತಂತ್ರ್ಯ ದಿನಾಚರಣೆ ಅಲ್ಲೂ ನಡೆಯಿತು.

ಅದರಿಂದ ಬೋರ್ನಿಯೊ ತುಂಬುತ್ತದೆಯೇ ಎಂದರೆ ಒಂದು ಸಣ್ಣ ಲೆಕ್ಕ ಹಾಕಿ. 2045ರ ಹೊತ್ತಿಗೆ ಅಲ್ಲಿ 19 ಲಕ್ಷ ಜನ ಇರಬೇಕು ಎಂಬುದು ಸರ್ಕಾರದ ಗುರಿ. 2010ರಿಂದ 2020ರ ನಡುವೆ ಜಾವಾದಲ್ಲಿ ಹೆಚ್ಚಾದವರು ಸುಮಾರು 1.5 ಕೋಟಿ. ಅಂದರೆ ಗುರಿ ಪೂರ್ತಿ ಮುಟ್ಟಿದರೂ ಅದು ಜಾವಾದ ಒಂದೂಕಾಲು ವರ್ಷದ ಏರಿಕೆಗೆ ಸಮ. ಆ ನಗರದ ಅಕ್ಕಿಯೂ ಬಹುಪಾಲು ಹೊರಗಿನಿಂದಲೇ ಬರಬೇಕು. ಈಗಲೂ ಪೂರ್ವ ಕಲಿಮಂತಾನ್‌ಗೆ ಜಾವಾ, ಸುಲಾವೆಸಿಗಳಿಂದ ಅಕ್ಕಿ ಬರುತ್ತದೆ. ಜಕಾರ್ತಾದ ಕುಸಿತವೂ ಇದರಿಂದ ನಿಲ್ಲುವುದಿಲ್ಲ. ಕಚೇರಿಗಳು ಹೋದರೂ ಕೋಟಿಗಟ್ಟಲೆ ಜನ ಅಲ್ಲೇ ಇರುತ್ತಾರೆ, ಅವರಿಗೆ ನಲ್ಲಿ ನೀರು ಬೇಕೇ ಬೇಕು.

ನುಸಂತಾರಾ ಎದ್ದಿರುವ ಸೆಪಾಕು ಪ್ರದೇಶದಲ್ಲಿ 1970ರ ದಶಕದಲ್ಲಿ ಸರ್ಕಾರವೇ ತಂದು ಬಿಟ್ಟ ಜಾವಾದ ಕುಟುಂಬಗಳಿವೆ. ಅವರಿಗಿಂತ ಬಹಳ ಮೊದಲಿನಿಂದ ಬಾಲಿಕ್ ಸಮುದಾಯದವರಿದ್ದಾರೆ. ತಲೆಮಾರುಗಳಿಂದ ಅನುಭವಿಸಿದ ನೆಲಕ್ಕೆ ಅವರಲ್ಲಿ ಬಹಳ ಮಂದಿಯ ಹತ್ತಿರ ಹಕ್ಕುಪತ್ರ ಇಲ್ಲ. ಹೊಸ ನಗರದ ಸುದ್ದಿ ಓದುವಾಗ ಕಟ್ಟಡಗಳ ಚಿತ್ರಕ್ಕಿಂತ ಅವರ ಜಮೀನಿನ ದಾಖಲೆ ಏನಾಯಿತು ಎಂಬುದನ್ನು ಹುಡುಕಿ ಓದಿ. ಮಗಳು ಇನ್ನಷ್ಟು ಕೇಳಿದರೆ ಪ್ರಶ್ನೆ ಬರೆದು ಕಳಿಸಿ.